ಎಸ್ಕೇಪ್ ಒತ್ತಿದ ಮೇಲೆ

ಹಿಮ ಬಿದ್ದ ರಾತ್ರಿಗಳ ದಾಖಲೆಯಲ್ಲಿ
ಸಾಲು ಸಾಲಿಗೂ ಒಂದು ಚೌಕ ಕಂಸ, ಒಂದು ಎ.
ಯೆರೆವಾನಿನಲ್ಲಿ ಕೂತು ಲೆಕ್ಕ ಹಾಕುವ ಸಿರಾನುಷ್
ತಿಂಗಳೆಲ್ಲ ತಲೆ ಕೆಡಿಸಿಕೊಂಡಳು:
ಆಕಾಶದಿಂದ ಇಳಿದ ಯಾವ ಕಣವಪ್ಪಾ ಇದು,
ಬಿರುಗಾಳಿ ಎದ್ದಾಗ ಮಾತ್ರ ಬರುವುದು?
ಒಂದು ನಕ್ಷೆಯನ್ನೂ ಬರೆದಳು, ಪಾಪ. ಚೆಂದವಾಗಿಯೇ ಇತ್ತು.

ಕಣವೂ ಇಲ್ಲ, ಮಣ್ಣೂ ಇಲ್ಲ.
ಹ್ರಾಚ್ಯಾ ಮೇಲ್ಬಾಣ ಒತ್ತಿದ್ದ, ಅಷ್ಟೆ.

ಮೇಲ್ಬಾಣವೆಂದರೆ ಒಂದು ಕೀಲಿ, ಮೂರು ಅಕ್ಷರ:
ಮೊದಲು ಎಸ್ಕೇಪ್, ಹಿಂದೆಯೇ ಕಂಸ, ಅದರ ಹಿಂದೆ ಎ.
ಒಬ್ಬರ ಸೆರಗು ಒಬ್ಬರು ಹಿಡಿದು ಬಂದರೆ ಬಾಣ.
ನಡುವೆ ಕೈ ತಪ್ಪಿತೋ, ದಿಕ್ಕಿಲ್ಲದ ಮೂವರು.
ತಪ್ಪಲಲ್ಲಿ ನಮ್ಮ ಕೀಲಿಮಣೆ, ಅರಗಾತ್ಸ್ ಬೆಟ್ಟದ ನೆತ್ತಿಯಲ್ಲಿ ಯಂತ್ರ,
ನಡುವೆ ರೇಡಿಯೋ.
ಹಿಮ ಸುರಿದರೆ ಅದು ಉಗ್ಗುತ್ತದೆ.

ಮೇಲೆ, ಬಾಗಿಲಲ್ಲೇ ಕೂತಿರುತ್ತಾನೆ ಟಿಮಕ್ಸ್.
ನಾವು ಒತ್ತಿದ್ದೆಲ್ಲ ಮೊದಲು ಅವನ ಕಿವಿಗೆ.
ಎಸ್ಕೇಪ್ ಬಂತೆಂದರೆ ಅವನಿಗೆ ಪೀಕಲಾಟ:
ಇವಳು ಹೊರಟೇಬಿಟ್ಟಳೋ,
ಹೊಸ್ತಿಲಲ್ಲಿ ತಿರುಗಿ ಇನ್ನೊಂದು ಮಾತು ಹೇಳುವವಳೋ?
ಕಾಯುತ್ತಾನೆ. ಅರೆ ಸೆಕೆಂಡು.
ಬೆರಳು ಚುರುಕಿದ್ದವರಿಗೆ ಅದೊಂದು ಯುಗ.
ಹ್ರಾಚ್ಯಾನಿಗೆ ತಾಳ್ಮೆ ಎಲ್ಲಿ? ಜುಲೈ ತಿಂಗಳ ಬಿಸಿಲ ಮಧ್ಯಾಹ್ನ
ಕಾಯುವ ಹೊತ್ತನ್ನು ಸೊನ್ನೆ ಮಾಡಿಟ್ಟ.
ಡಿಸೆಂಬರ್ ಬಂತು.
ಕಂಸ, ಎ. ಕಂಸ, ಎ.

ಬಾಗಿಲು ಕಾಯುವವನನ್ನು ದೂರಿ ಏನು ಬಂತು.
ಕಂಟ್ರೋಲ್ ಹಿಡಿದು ಐ ಒತ್ತಿದರೂ ಒಂಬತ್ತು,
ಟ್ಯಾಬ್ ಒತ್ತಿದರೂ ಒಂಬತ್ತು;
ಯಾವ ಬೆರಳು ಎಂದು ಕೇಳುವ ರೂಢಿಯೇ ಇಲ್ಲ ಆ ಹಳೆಯ ತಂತಿಗೆ.
ಒಳಗಿನವರು ಜರ್ದಾಳು ಹಣ್ಣಿನ ಬಣ್ಣ ಬೇಕೆಂದರೆ
ತನ್ನ ಇನ್ನೂರ ಐವತ್ತಾರು ಡಬ್ಬಿ ತಡಕಿ
ಹತ್ತಿರದ ಒಂದು ಕಿತ್ತಳೆ ಎತ್ತಿ ಕೊಟ್ಟು
ಇದೇ ಜರ್ದಾಳು ಎನ್ನುತ್ತಾನೆ.
ಯಾರ ಪರದೆ ಇದು ಎಂದು ಅವರು ವಿಚಾರಿಸಿದರೆ
ನಮ್ಮ ಹೆಸರು ಹೇಳುವುದಿಲ್ಲ, ತನ್ನದೇ ಹೇಳುತ್ತಾನೆ.
ಸುಳ್ಳೇನಲ್ಲ. ನಾವು ಬಂದು ಹೋಗುವವರು,
ರೇಡಿಯೋ ಸತ್ತ ರಾತ್ರಿಯೂ ದೀಪ ಹಚ್ಚಿಟ್ಟು ಕೂರುವವನು ಅವನು.

ಅವನನ್ನೇ ಮಾತಾಡಿಸಬೇಕಾದರೆ ಮೊದಲು ಕಂಟ್ರೋಲ್-ಬಿ,
ಏ, ಇದು ನಿನಗೆ, ಎಂದಂತೆ.
ಅವನ ಹೊಟ್ಟೆಯೊಳಗೆ ಇನ್ನೊಬ್ಬ ಟಿಮಕ್ಸ್ ಇದ್ದರೆ ಎರಡು ಸಲ.
ಹೊಸಬಳಾಗಿದ್ದಾಗ ನಾನು ಮೂರು ಸಲ ಒತ್ತಿ
ಯಾರ ಜೊತೆ ಮಾತಾಡುತ್ತಿದ್ದೇನೆಂದೇ ತಿಳಿಯದೆ
ನ್ಯೂಟ್ರಾನ್ ಎಣಿಸುವ ಕಿಟಕಿಯನ್ನೇ ಮುಚ್ಚಿಬಿಟ್ಟಿದ್ದೆ.
ಸಿರಾನುಷ್‌ಗೆ ಅದನ್ನು ಇನ್ನೂ ಹೇಳಿಲ್ಲ.

ಹ್ರಾಚ್ಯಾ ನಿವೃತ್ತನಾಗಿ ಅಷ್ತರಾಕಿನಲ್ಲಿ ಜೇನು ಸಾಕುತ್ತಿದ್ದಾನೆ.
ಅವನ ಕಡತ ತೆರೆದು ನೋಡಿದೆ:
ಕಾಯುವ ಹೊತ್ತು, ಐವತ್ತು ಮಿಲಿಸೆಕೆಂಡು.
ಪಕ್ಕದಲ್ಲಿ ಟಿಪ್ಪಣಿ: ಸೊನ್ನೆ ಬೇಡ. ಡಿಸೆಂಬರ್ ನೆನಪಿರಲಿ.

ನಿನ್ನೆ ರಾತ್ರಿ ಒಂದೂವರೆ. ಲವಾಶ್ ಸುತ್ತಿಕೊಂಡು ತಿನ್ನುತ್ತಿದ್ದೆ.
ನನ್ನ ಪರದೆ ತಟ್ಟನೆ ಕುಗ್ಗಿತು,
ಬಲಕ್ಕೂ ಕೆಳಕ್ಕೂ ಚುಕ್ಕಿ ಚುಕ್ಕಿ ಚುಕ್ಕಿ.
ಇನ್ನಾರೋ ಇದೇ ಕಿಟಕಿಗೆ ಕಣ್ಣಿಟ್ಟಿದ್ದಾರೆ, ನನ್ನದಕ್ಕಿಂತ ಸಣ್ಣ ಪರದೆಯಿಂದ;
ಇಬ್ಬರಿದ್ದರೆ ಸಣ್ಣದರ ಅಳತೆಯೇ ಅಳತೆ, ಇಲ್ಲಿನ ಕಟ್ಟಳೆ ಅದು.
ಅಷ್ಟು ಪುಟ್ಟ ಲ್ಯಾಪ್‌ಟಾಪ್ ಇರುವುದು ಒಬ್ಬನ ಬಳಿ.
ಅವನ ಪ್ರವೇಶ ತೆಗೆದುಹಾಕಲು ಯಾರಿಗೂ ನೆನಪಾಗಿರಲಿಲ್ಲ.
ನನಗೆ ನೆನಪಿತ್ತು.

ಕರ್ಸರ್ ನನ್ನ ಕೈಯಿಲ್ಲದೆ ನಡೆಯಿತು.
ಮೇಲ್ಬಾಣ, ಮೇಲ್ಬಾಣ. ಹಳೆಯ ಆಜ್ಞೆಗಳು
ಒಂದೊಂದೇ ಬಂದು ಮುಖ ತೋರಿಸಿ ಹೋದವು,
ಒಂದೂ ಮುರಿಯದೆ.
ಆಮೇಲೆ ಖಾಲಿ ಸಾಲಿನಲ್ಲಿ: ಹಿಮ ಎಷ್ಟು?
ಮೊಣಕಾಲುದ್ದ, ಎಂದು ಅದರ ಮುಂದೆಯೇ ಬರೆದೆ.
ಇಬ್ಬರಿಗೂ ಒಂದೇ ಕರ್ಸರ್; ಯಾರೂ ಎಂಟರ್ ಒತ್ತಲಿಲ್ಲ.
ಒತ್ತಿದ್ದರೆ ಯಂತ್ರ ಹೇಳುತ್ತಿತ್ತು, ಇಂಥ ಆಜ್ಞೆ ಇಲ್ಲ.

ಅವನು ಹಿಂದಿನಿಂದ ಅಳಿಸುತ್ತ ಬಂದ,
ಮೊದಲು ನನ್ನದು, ಆಮೇಲೆ ತನ್ನದು.
ಚುಕ್ಕಿಗಳು ಹೋದವು. ಪರದೆ ಅಂಚಿಗೆ ಮುಟ್ಟಿತು.
ಮಡಿಲ ಮೇಲಿನ ಪುಡಿ ಕೊಡವಿ
ಎರಡು ಗಂಟೆಯ ಎಣಿಕೆ ಬರೆದೆ: ಗಾಳಿ ಇಲ್ಲ. ಕಣಗಳು, ಎಂದಿನಷ್ಟೇ.
ಸಾಲಿನ ಕೊನೆಗೆ, ಸುಮ್ಮನೆ, ಒಂದು ಎ.
ಸಿರಾನುಷ್ ಬೈದರೆ ಬೈಯಲಿ.